ಹುಳು ಹಣ್ಣಾದ ಕ್ರಿಸ್ಮಸ್

ಮಂಡಿಕಲ್ ಹೋಬಳಿಯ ಆ ಊರಿನಲ್ಲಿ ಲಕ್ಷ್ಮೀನರಸಮ್ಮ ಎಂದರೆ ಸಾಕು, ಯಾವ ಲಕ್ಷ್ಮೀನರಸಮ್ಮ ಎಂದು ಯಾರೂ ಕೇಳುವುದಿಲ್ಲ. ಅದೇ ಹೆಸರಿನವರು ಊರಿನಲ್ಲಿ ಇನ್ನೂ ಮೂವರಿದ್ದಾರೆ. ಪಾಪ, ಅವರನ್ನೆಲ್ಲ ಗಂಡನ ಹೆಸರು ಸೇರಿಸಿಯೇ ಹೇಳಬೇಕು. ಈಕೆ ಮಾತ್ರ ಬರೀ ಲಕ್ಷ್ಮೀನರಸಮ್ಮ. ರೇಷ್ಮೆ ಹುಳು ಸಾಕುವುದರಲ್ಲಿ ನಲವತ್ತೈದು ವರ್ಷ ಕಳೆದ ಹೆಂಗಸು. ಯಾರ ಮನೆಯಲ್ಲಿ ಹುಳು ಮೇವು ಬಿಟ್ಟು ಮಂಕಾದರೂ ಮೊದಲು ಈಕೆಗೆ ಹೇಳಿಕಳಿಸುತ್ತಾರೆ, ರೇಷ್ಮೆ ಇಲಾಖೆಯವರಿಗೆ ಆಮೇಲೆ. ಬರುತ್ತಾಳೆ, ಒಂದು ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡು ಮೂಗಿನ ಹತ್ತಿರ ತಂದು ನೋಡುತ್ತಾಳೆ, ಹುಳುವಿಗೆ ಏನೂ ಅನ್ನದೆ ಮನೆಯವರನ್ನು ಚೆನ್ನಾಗಿ ಬೈದು ಹೋಗುತ್ತಾಳೆ. ಮಾರನೆಯ ದಿನಕ್ಕೆ ಹುಳು ಸರಿಹೋಗಿರುತ್ತದೆ.

ಆಕೆಯ ಹುಳುಮನೆಗೆ ಆಕೆಯದೇ ಕಾನೂನು. ಚಪ್ಪಲಿ ಹೊರಗೆ. ಬೀಡಿ ಸೇದಿದವನು ಆ ಹೊತ್ತಿಗೆ ಒಳಗೆ ಬರುವ ಹಾಗಿಲ್ಲ. ತಲೆಗೆ ಹೂವು ಮುಡಿಯುವ ಹಾಗಿಲ್ಲ, ಮುಖಕ್ಕೆ ಪೌಡರು ಮೆತ್ತುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ವಾಸನೆ ಹುಳುವಿಗಾಗದು. ಹುಳು ಕೊನೆಯ ಹಂತದ ದೊಡ್ಡ ಮೇವಿಗೆ ಬಿತ್ತೆಂದರೆ ಮನೆಯಲ್ಲಿ ಒಗ್ಗರಣೆ ಕೂಡ ಬಂದ್. ವಾರಗಟ್ಟಲೆ ಬೇಯಿಸಿದ್ದನ್ನೇ ತಿನ್ನಬೇಕು. ಇನ್ನು ಹೊರಗಿನವರು ಒಳಗೆ ಕಾಲಿಡುವ ಮಾತೇ ಇಲ್ಲ. ಒಮ್ಮೆ ಓಟು ಕೇಳಲು ಬಂದ ದೊಡ್ಡವರನ್ನು ಬೀದಿಯಲ್ಲೇ ನಿಲ್ಲಿಸಿ, ಅವರ ಕೊರಳಿನ ಹೂವಿನ ಹಾರಕ್ಕೂ ಒಂದಿಷ್ಟು ಬೈದು ಕಳಿಸಿದ್ದಳು. ಅವರು ಗೆದ್ದರು, ಅದು ಬೇರೆ ವಿಷಯ.

ಇಂಥ ಲಕ್ಷ್ಮೀನರಸಮ್ಮನನ್ನು, ನಿನ್ನ ಮನಸ್ಸಿಗೆ ಹಿಡಿಸಿದ ಹಬ್ಬ ಯಾವುದಮ್ಮ ಎಂದು ಕೇಳಿ ನೋಡಿ. ಯುಗಾದಿ ಎನ್ನುವುದಿಲ್ಲ, ಗೌರಿಹಬ್ಬ ಎನ್ನುವುದಿಲ್ಲ, ಸಂಕ್ರಾಂತಿಯ ಹೆಸರೂ ಎತ್ತುವುದಿಲ್ಲ. ಹಣೆ ತುಂಬ ಕುಂಕುಮ ಇಟ್ಟುಕೊಂಡ ಈ ಹೆಂಗಸು, "ನಮ್ಮ ಸುಗುಣಮ್ಮ ಬಂದ ವರ್ಷದ ಕ್ರಿಸ್ಮಸ್ಸು" ಎನ್ನುತ್ತಾಳೆ. ಕೇಳಿದವರು ಕಣ್ಣುಕಣ್ಣು ಬಿಡಬೇಕು. ಆಮೇಲೆ ಕಾಲು ಚಾಚಿ ಕೂತು ಹೇಳಲು ಶುರುಮಾಡುತ್ತಾಳೆ. ಹನ್ನೊಂದು ವರ್ಷದಿಂದ ಹೇಳುತ್ತಲೇ ಇದ್ದಾಳೆ. ಪ್ರತಿ ಸಲವೂ ಒಂದೇ ಕಡೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ.

ಸುಗುಣ ಆಕೆಯ ಸೊಸೆ. ಮಗ ಮುನೇಶ್ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲೇ ಪ್ಯಾಕಿಂಗ್ ಕಡೆ ಇದ್ದ ಹುಡುಗಿ. ಗೌರಿಬಿದನೂರಿನವಳು, ಕ್ರೈಸ್ತರ ಮನೆಯವಳು, ದೇವದಾನಂ ಮೇಷ್ಟ್ರ ಒಬ್ಬಳೇ ಮಗಳು. ಇಬ್ಬರೂ ಎರಡು ವರ್ಷ ಊಟದ ಡಬ್ಬಿ ಬದಲಾಯಿಸಿಕೊಂಡು ತಿಂದು, ಕೊನೆಗೆ ಎರಡೂ ಮನೆಯಲ್ಲಿ ಒಂದೇ ವಾರ ಬಾಯಿಬಿಟ್ಟರು. ಮುನೇಶನ ಅಪ್ಪ ಪಿಳ್ಳಪ್ಪ ಕೋಪದಲ್ಲಿ ಮೂರು ದಿನ ಮಾತು ಬಿಟ್ಟ. ಅವನು ಮೊದಲೇ ಮಾತು ಕಡಿಮೆಯ ಮನುಷ್ಯ. ಹಾಗಾಗಿ ಅವನು ಮಾತು ಬಿಟ್ಟಿದ್ದಾನೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನಾಲ್ಕನೇ ದಿನ ಅವನೇ ಬೇಜಾರಾಗಿ ಮಾತಾಡಿದ.

ಲಕ್ಷ್ಮೀನರಸಮ್ಮ ಮಗನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಹುಳ ಕಂಡ್ರೆ ಹೆದರ್ತಾಳೇನೋ ಹುಡುಗಿ?"

"ಗೊತ್ತಿಲ್ಲಮ್ಮ."

"ಎರಡು ವರ್ಷದಿಂದ ಮಾತಾಡ್ತಿದ್ದೀಯ, ಇಷ್ಟು ಕೇಳಿಲ್ವಾ? ಏನ್ ಮಾತಾಡ್ತೀರೋ ನೀವು! ಕೇಳ್ಕೊಂಡ್ ಬಾ ಹೋಗು."

ಹೆದರುತ್ತೇನೆ, ಆದರೆ ಕಲಿಯುತ್ತೇನೆ ಎಂದು ಉತ್ತರ ಬಂತು. ಆ ಉತ್ತರಕ್ಕೇ ಲಕ್ಷ್ಮೀನರಸಮ್ಮ ಸೋತುಹೋದಳು. ಹೆದರಲ್ಲ ಎಂದು ಸುಳ್ಳು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಾತುಕತೆಗೆಂದು ಗೌರಿಬಿದನೂರಿಗೆ ಹೋದಾಗ ದೇವದಾನಂ ಮೇಷ್ಟ್ರು ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತಿಯಾದವರು. ಮಾತಾಡಿದರೆ ಎದುರಿಗಿದ್ದವರಿಗೆ ಕೈಕಟ್ಟಿಕೊಳ್ಳಬೇಕು ಅನ್ನಿಸುತ್ತಿತ್ತು. ಅವರಿಗೆ ಈ ಮದುವೆ ಇಷ್ಟವಿಲ್ಲ ಎಂಬುದನ್ನು ಹೇಳಿಯೇ ಹೇಳಿದರು. ಮಗಳ ಹಟಕ್ಕೆ ಒಪ್ಪಿದ್ದೇನೆ ಎಂದೂ ಹೇಳಿದರು. ಅವರ ಹೆಂಡತಿ ಸುವಾರ್ತಮ್ಮ ಚಿಂತಾಮಣಿ ಕಡೆಯವಳು, ಮನೆಮಾತು ತೆಲುಗು. ಆಕೆ ಗಂಡನ ಹಿಂದೆ ನಿಂತು, ಬಂದವರು ಕಾಫಿ ಕುಡಿಯಲಿ ದೇವರೇ ಎಂದು ನೋಡುತ್ತಿದ್ದಳು.

"ಒಂದೇ ಒಂದು ಮಾತು ಕೇಳ್ತೀನಿ," ಎಂದರು ಮೇಷ್ಟ್ರು. "ನಾನು ನಮ್ಮ ಚರ್ಚಿನಲ್ಲಿ ಹಾಡೋರ ಗುಂಪಿನವನು. ನನ್ನ ಮಗಳಿಗೆ ನಾಲ್ಕು ವರ್ಷ ಆದಾಗಿಂದ, ಪ್ರತಿ ಕ್ರಿಸ್ಮಸ್ ಬೆಳಿಗ್ಗೆ ನನ್ನ ಪಕ್ಕ ನಿಂತು ಹಾಡಿದಾಳೆ. ಒಂದು ವರ್ಷವೂ ತಪ್ಪಿಲ್ಲ. ಅದೊಂದನ್ನ ತಪ್ಪಿಸಬೇಡಿ. ಬೇರೆ ಏನೂ ಬೇಡ ನನಗೆ."

ಪಿಳ್ಳಪ್ಪ ಕೆಮ್ಮಿದ. ಜೊತೆಯಲ್ಲಿ ಹೋಗಿದ್ದ ಹಿರಿಯರು ನೋಡೋಣ, ಆಗಲಿ, ಅದೇನ್ ಮಹಾ ಎಂದು ಗೊಣಗಿದರು. ಲಕ್ಷ್ಮೀನರಸಮ್ಮನಿಗೆ ಆ ಗೊಣಗಾಟ ಸರಿಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

"ನಾನ್ ಕಳಿಸ್ತೀನಿ ಬೀಗರೇ. ಇವರ ಮಾತೆಲ್ಲ ಬಿಡಿ, ನಾನ್ ಹೇಳ್ತಾ ಇದೀನಿ. ಮನೇಲಿ ಏನೇ ಇರಲಿ, ಆಕಾಶ ಬೀಳಲಿ, ಕ್ರಿಸ್ಮಸ್ ಹಿಂದಿನ ದಿನ ಮಗಳು ನಿಮ್ಮ ಮನೇಲಿರ್ತಾಳೆ."

ಮೇಷ್ಟ್ರು ಕನ್ನಡಕದ ಮೇಲಿಂದ ಆಕೆಯನ್ನು ನೋಡಿ, "ಸರಿ" ಎಂದರು. ಕಾಫಿ ಬಂತು.

ಮೇ ತಿಂಗಳಲ್ಲಿ ಮದುವೆಯಾಯಿತು. ಸುಗುಣ ಬಂದ ಮೊದಲ ವಾರ ಹುಳುಮನೆಯ ಬಾಗಿಲಲ್ಲಿ ನಿಂತು, ಸಾವಿರಾರು ಹುಳುಗಳು ಸೊಪ್ಪು ಕಡಿಯುವ ಸದ್ದು ಕೇಳಿ ಬೆವತುಹೋದಳು. ಎರಡನೇ ವಾರ ಕಣ್ಣು ಮುಚ್ಚಿಕೊಂಡು ಒಂದನ್ನು ಮುಟ್ಟಿದಳು. ಆಗಸ್ಟಿನ ಹೊತ್ತಿಗೆ ಅತ್ತೆಯ ಜೊತೆ ನಿಂತು, ಹುಳು ಜ್ವರಕ್ಕೆ ಕೂತಿದೆ, ಇನ್ನು ಸೊಪ್ಪು ಹಾಕಬಾರದು ಎಂದು ತಾನೇ ಹೇಳುವಷ್ಟಾದಳು. ಹುಳು ಪೊರೆ ಬಿಡುವಾಗ ಮೇವು ನಿಲ್ಲಿಸಿ ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ದೊಡ್ಡ ಮೇವು, ದೊಡ್ಡ ಮೇವಾದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟುವುದು.

ಲಕ್ಷ್ಮೀನರಸಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಆ ಮನೆಯಲ್ಲಿ ಆಕೆಯ ಜೊತೆ ಹರಟುವವರು ಯಾರೂ ಇರಲಿಲ್ಲ. ಗಂಡನ ಕಥೆ ಗೊತ್ತೇ ಇದೆ. ಮಗ ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಿಗೆ ಬರುವವನು. ಈಗ ಸೊಪ್ಪು ಕುಯ್ಯುವಾಗ ಪಕ್ಕದ ಸಾಲಿನಿಂದ ಒಂದು ಸಣ್ಣ ದನಿ ಹಾಡುತ್ತಿತ್ತು. ಅದು ಯೇಸುವಿನ ಹಾಡೆಂದು ಆಕೆಗೆ ಗೊತ್ತಿತ್ತು. ನಿಂತರೆ, "ಯಾಕಮ್ಮಾ ನಿಲ್ಲಿಸ್ಬಿಟ್ಟೆ? ಹಾಡು, ಸೊಪ್ಪು ಬೇಗ ಆಗ್ತದೆ" ಎನ್ನುತ್ತಿದ್ದಳು. ಊರಿನ ಹೆಂಗಸರು ಏನೇನೋ ಅಂದುಕೊಂಡರು. ಅಂದುಕೊಳ್ಳಲಿ. ಸೊಸೆಯ ಮೇಲೆ ಆಕೆಗೆ ಪ್ರಾಣ ಕೊಡುವಷ್ಟು ಪ್ರೀತಿ ಬೆಳೆಯಿತು, ಅದನ್ನು ಬೈಗುಳದಲ್ಲಿ ಸುತ್ತಿ ಮುಚ್ಚಿಟ್ಟುಕೊಂಡಿದ್ದಳು.

ಡಿಸೆಂಬರ್ ಬಂತು. ಆ ವರ್ಷದ ಚಳಿ ಎಂಥದೆಂದರೆ ಬೆಳಿಗ್ಗೆ ಒಂಬತ್ತಕ್ಕೂ ಹಿಪ್ಪುನೇರಳೆ ತೋಟದಲ್ಲಿ ಮಂಜು ಕಟ್ಟಿಕೊಂಡಿರುತ್ತಿತ್ತು. ಹುಳು ನಾಲ್ಕನೇ ಜ್ವರ ಬಿಟ್ಟು ಎದ್ದದ್ದು ಹದಿನೇಳನೇ ತಾರೀಕು. ಲಕ್ಷ್ಮೀನರಸಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಚಳಿಗೆ ಹುಳು ನಿಧಾನ, ಬೇಗ ಹಣ್ಣಾಗುವುದಿಲ್ಲ, ಇಪ್ಪತ್ತೇಳಕ್ಕೆ ಹೋಗುತ್ತದೆ. ಸುಗುಣ ಇಪ್ಪತ್ತನಾಲ್ಕರ ಸಂಜೆ ಹೊರಟು ಇಪ್ಪತ್ತಾರಕ್ಕೆ ವಾಪಸ್ ಬಂದರೆ ಎಲ್ಲ ಸರಿಯಾಗಿತ್ತು. ಅಷ್ಟಕ್ಕೇ ಸುಮ್ಮನಿರಬೇಕಿತ್ತು.

ಸುಮ್ಮನಿದ್ದರೆ ಆಕೆ ಲಕ್ಷ್ಮೀನರಸಮ್ಮ ಹೇಗಾದಾಳು! ಆಕೆಗೆ ಒಂದು ಯೋಚನೆ ಹೊಳೆಯಿತು. ಹುಡುಗಿ ತವರಿಗೆ ಹೋದರೂ ಮನಸ್ಸು ಇಲ್ಲೇ ಇರುತ್ತದೆ, ಹಬ್ಬದ ಊಟ ಗಂಟಲಲ್ಲಿ ಇಳಿಯುವುದಿಲ್ಲ, ಇಪ್ಪತ್ತಾರಕ್ಕೆ ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತಾಳೆ. ಅದರ ಬದಲು ಹುಳುಮನೆಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ? ಬೆಚ್ಚಗಿದ್ದರೆ ಹುಳು ಬೇಗ ಮೇಯುತ್ತದೆ, ಬೇಗ ಹಣ್ಣಾಗುತ್ತದೆ. ಇಪ್ಪತ್ತಮೂರಕ್ಕೆ ಎಲ್ಲ ಮುಗಿಸಿ, ಹುಡುಗಿಯನ್ನು ಹೊಸ ವರ್ಷದವರೆಗೂ ನೆಮ್ಮದಿಯಾಗಿ ಕಳಿಸಿಕೊಡಬಹುದು. ಯಾರಿಗೂ ಹೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎರಡು ಕುಂಪಟಿಯಲ್ಲಿ ಇದ್ದಿಲು ಕೆಂಡ ತುಂಬಿ, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಹುಳುಮನೆಯ ಮೂಲೆಯಲ್ಲಿಟ್ಟು ಬರತೊಡಗಿದಳು.

ಈಗ ಪಿಳ್ಳಪ್ಪನ ಕಡೆಗೆ ಬರೋಣ. ಅವನು ಕೋಳಿ ಕೂಗುವ ಮೊದಲೇ ಎದ್ದು ಮೊದಲ ಸೊಪ್ಪು ಹಾಕುವವನು. ಬಾಗಿಲು ತೆಗೆದರೆ ಒಳಗೆ ಕೆಂಡದ ಬಿಸಿ, ಉಸಿರು ಕಟ್ಟುವ ಸೆಕೆ. ಇವಳಿಗೆ ಮರೆವು ಜಾಸ್ತಿಯಾಗಿದೆ, ಹುಳು ಉಬ್ಬಸ ಬಂದು ಸಾಯುತ್ತವೆ ಎಂದುಕೊಂಡು, ಮಾತಾಡುವ ಅಭ್ಯಾಸ ಇಲ್ಲದ್ದರಿಂದ ಯಾರಿಗೂ ಹೇಳದೆ ಎಲ್ಲ ಕಿಟಕಿಗಳನ್ನೂ ತೆಗೆದು ತಣ್ಣಗೆ ಮಾಡಿ, ಬೆಳಕು ಹರಿಯುವ ಹೊತ್ತಿಗೆ ಮತ್ತೆ ಮುಚ್ಚಿ ಬರುತ್ತಿದ್ದ. ಒಂದು ವಾರ ಹೀಗೇ ನಡೆಯಿತು. ಇವಳು ಕಾಯಿಸುವುದು, ಅವನು ಆರಿಸುವುದು.

ಇಪ್ಪತ್ತಮೂರು ಬಂತು, ಹುಳು ಹಣ್ಣಾಗಲಿಲ್ಲ. ಇಪ್ಪತ್ತನಾಲ್ಕರ ಮಧ್ಯಾಹ್ನ, ಸುಗುಣ ಹಿತ್ತಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಗ, ಲಕ್ಷ್ಮೀನರಸಮ್ಮ ಹುಳುಮನೆಗೆ ಹೋದಳು. ತಟ್ಟೆಯೊಂದರ ಅಂಚಿನಲ್ಲಿ ಒಂದು ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿತ್ತು. ಬೆಳಕಿಗೆ ಹಿಡಿದಳು. ಮೈಯೆಲ್ಲ ಹಳದಿ ತಿರುಗಿ ಒಳಗಿನದು ಕಾಣುತ್ತಿತ್ತು. ಇನ್ನೊಂದು ತಟ್ಟೆಯಲ್ಲಿ ಮೂರು. ಅದರ ಪಕ್ಕದಲ್ಲಿ ಏಳು. ಇವು ಮುಂಚೂಣಿಯವು, ನಾಳೆ ಬೆಳಕು ಹರಿಯುವ ಹೊತ್ತಿಗೆ ಇಡೀ ಮನೆ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಗಂಟೆಗಳ ಲೆಕ್ಕದಲ್ಲಿ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಂಕಿಗೆ ಬಿಡದಿದ್ದರೆ, ಸೊಪ್ಪಿನ ಕಡ್ಡಿಗೆ ನೂಲು ಸುತ್ತಿ ಹಾಳು ಮಾಡುತ್ತದೆ. ಮೂರು ಜನ ಸಾಲುವ ಕೆಲಸವಲ್ಲ. ಅಕ್ಕಪಕ್ಕದವರು ಮುಯ್ಯಾಳಾಗಿ ಬಂದು ಆರಿಸಿಕೊಡುವುದು ವಾಡಿಕೆ. ಆದರೆ ಅವರ ಹುಳುಗಳು ಚಳಿಯಲ್ಲಿ ತಮ್ಮ ಪಾಡಿಗೆ ತಾವು ದೊಡ್ಡ ಮೇವಿನಲ್ಲಿದ್ದವು. ಎಲ್ಲರೂ ಬೆಳಗಿನಿಂದ ಸೊಪ್ಪು ಕುಯ್ಯುವುದರಲ್ಲಿದ್ದರು.

"ಕಿಟಕಿ ತೆಗೀತಿದ್ದೋರ್ ಯಾರು?" ಎಂದು ಗಂಡನನ್ನು ಕೇಳಿದಳು. ಅಷ್ಟು ಕಾಯಿಸಿದ್ದಕ್ಕೆ ನಿನ್ನೆಯೇ ಹಣ್ಣಾಗಬೇಕಿತ್ತು, ಯಾರೋ ಗಾಳಿ ಬಿಟ್ಟಿದ್ದಾರೆ ಎಂದು ಆಕೆಗೆ ಗೊತ್ತಾಗಿತ್ತು.

"ನಾನೇ. ಉಸಿರು ಕಟ್ಟೋ ಸೆಕೆ ಇತ್ತು."

ಲಕ್ಷ್ಮೀನರಸಮ್ಮ ಹಣೆ ಹಣೆ ಚಚ್ಚಿಕೊಂಡಳು. ತಾನು ಕಾಯಿಸದೇ ಇದ್ದಿದ್ದರೆ ಇಪ್ಪತ್ತೇಳು. ಇವನು ಆರಿಸದೇ ಇದ್ದಿದ್ದರೆ ಇಪ್ಪತ್ತಮೂರು. ಗಂಡಹೆಂಡಿರಿಬ್ಬರೂ ಸೇರಿ ಸರಿಯಾಗಿ ಕ್ರಿಸ್ಮಸ್ ದಿನಕ್ಕೇ ತಂದು ನಿಲ್ಲಿಸಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ಒಟ್ಟಾಗಿ ಇಬ್ಬರೂ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಏನೇ ಆಗಲಿ, ಮಾತು ಮಾತೇ. ಸುಗುಣಳಿಗೆ ತಿಳಿಯಬಾರದು, ತಿಳಿದರೆ ಅವಳು ಹೋಗುವುದಿಲ್ಲ. ಹಣ್ಣಾದ ಹುಳುಗಳನ್ನೆಲ್ಲ ಆರಿಸಿ ಮೊರದಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಹುಳುಮನೆಯ ಬಾಗಿಲಿಗೆ ಚಿಲಕ ಹಾಕಿ ಬಂದಳು.

"ಹೊರಡಮ್ಮಾ, ಹೊರಡು. ಪೆರೇಸಂದ್ರದಲ್ಲಿ ಗೌರಿಬಿದನೂರ್ ಬಸ್ ತಪ್ಪಿದ್ರೆ ಕಷ್ಟ. ಎಷ್ಟೊತ್ತು ಬಾಚ್ಕೊಳ್ತೀಯ ತಲೆನ?"

"ಒಂದ್ಸಲ ಹುಳ ನೋಡ್ಕೊಂಡ್ ಬರ್ತೀನಿ ಅತ್ತೆ."

"ಹುಳ ಎಲ್ಲಿಗೂ ಹೋಗಲ್ಲ. ನೀನ್ ನಡಿ."

ಸುಗುಣ ಚೀಲ ಹೆಗಲಿಗೆ ಹಾಕಿಕೊಂಡು ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಎದ್ದವಳು ಹಾಗೇ ನಿಂತಳು. ಅತ್ತೆಯ ಸೀರೆಯ ನೆರಿಗೆಯಲ್ಲಿ ಒಂದು ಹುಳು ಹತ್ತಿಕೊಂಡಿತ್ತು, ತಲೆ ಆಡಿಸುತ್ತಾ ಬಟ್ಟೆಗೆ ಎರಡೆಳೆ ನೂಲು ಅಂಟಿಸಿ, ಮೂರನೆಯದನ್ನು ಎಳೆಯುತ್ತಿತ್ತು. ಸುಗುಣ ಅದನ್ನು ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿದಳು. ಆರು ತಿಂಗಳ ಹಿಂದೆ ಕಣ್ಣು ಮುಚ್ಚಿಕೊಂಡು ಮುಟ್ಟಿದ ಹುಡುಗಿ!

"ಅತ್ತೆ, ಇದು ಹಣ್ಣಾಗಿದೆ."

"ಒಂದೇ ಒಂದು ಕಣೇ. ಎಲ್ಲೋ ಒಂದು."

"ಒಂದಾದ್ರೆ ಬಾಗಿಲಿಗೆ ಚಿಲಕ ಯಾಕೆ ಹಾಕಿದೀರಾ?"

ಚೀಲ ಕೆಳಗಿಟ್ಟು, ಹೊಸ ಸೀರೆ ಬಿಚ್ಚಿ ಹಳೆಯದು ಉಟ್ಟುಕೊಂಡಳು. ಲಕ್ಷ್ಮೀನರಸಮ್ಮ ಬೈದಳು, ಗೋಗರೆದಳು, "ನಿಮ್ಮಪ್ಪನಿಗೆ ನಾನ್ ಮಾತು ಕೊಟ್ಟಿದೀನಿ, ನನ್ ಮರ್ಯಾದೆ ತೆಗೀಬೇಡ ತಾಯಿ" ಎಂದು ಕೈಮುಗಿದಳು. ಸುಗುಣ ಕೇಳಲಿಲ್ಲ. ಅಪ್ಪನಿಗೆ ಫೋನು ಮಾಡಿ ವಿಷಯ ಹೇಳಿದಳು. ಆ ಕಡೆಯಿಂದ "ಸರಿ" ಎಂದು ಒಂದು ಮಾತು. ಲಕ್ಷ್ಮೀನರಸಮ್ಮ ಫೋನು ಕಿತ್ತುಕೊಂಡು "ಬೀಗರೇ, ಬೀಗರೇ" ಎಂದಳು. ಅಷ್ಟರಲ್ಲಿ ಕಟ್ಟಾಗಿತ್ತು.

ಇಪ್ಪತ್ತೈದರ ಬೆಳಿಗ್ಗೆ ಹುಳುಮನೆಯ ಬಾಗಿಲು ತೆಗೆದರೆ ತಟ್ಟೆತಟ್ಟೆಯಲ್ಲೂ ಹುಳುಗಳು ತಲೆ ಎತ್ತಿಕೊಂಡಿದ್ದವು. ಮುನೇಶ್ ರಜೆ ಹಾಕಿದ್ದ. ಎದುರು ಮನೆಯ ಶ್ಯಾಮಲಮ್ಮ, ತನ್ನ ಸೊಪ್ಪಿನ ಕೆಲಸ ಬಿಟ್ಟು ಬಂದಳು. ಒಟ್ಟು ಐದು ಜನ. ಆರಿಸಿದರು, ಚಂದ್ರಂಕಿಗೆ ಬಿಟ್ಟರು, ಮತ್ತೆ ಆರಿಸಿದರು. ಒಂದು ತಟ್ಟೆ ಮುಗಿಸುವಷ್ಟರಲ್ಲಿ ಮೂರು ತಟ್ಟೆ ಹಣ್ಣಾಗುತ್ತಿತ್ತು. ಸುಗುಣ ಬಗ್ಗಿಸಿದ ತಲೆ ಎತ್ತಲಿಲ್ಲ. ಹಾಡಲೂ ಇಲ್ಲ. ಒಂಬತ್ತು ಗಂಟೆಯ ಹೊತ್ತಿಗೆ, ಚರ್ಚಿನಲ್ಲಿ ಹಾಡು ಶುರುವಾಗುವ ಸಮಯವಂತೆ ಅದು, ಒಂದು ಸಲ ಗೋಡೆಯ ಗಡಿಯಾರ ನೋಡಿ ಕಣ್ಣು ಒರೆಸಿಕೊಂಡಳು. ಲಕ್ಷ್ಮೀನರಸಮ್ಮ ಅದನ್ನು ನೋಡಿದಳು. ತನ್ನ ಕುಂಪಟಿಗೆ ಬೆಂಕಿ ಬೀಳ ಎಂದು ಮನಸ್ಸಿನಲ್ಲೇ ಶಪಿಸಿಕೊಂಡಳು. ಕ್ಷಮಿಸಮ್ಮಾ ಎನ್ನುವ ಬದಲು ಸೊಸೆಯ ಮುಂದಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಹನ್ನೊಂದೂವರೆಗೆ ಬಾಗಿಲಲ್ಲಿ ಗಾಡಿಯೊಂದು ನಿಂತ ಸದ್ದಾಯಿತು. ಸಣ್ಣ ಟೆಂಪೋ. ಓಡಿಸುತ್ತಿದ್ದವನು ಮೋಹನ್‌ಬಾಬು ಎಂದು, ಗೌರಿಬಿದನೂರಿನವನೇ, ಮೇಷ್ಟ್ರ ಹಳೆಯ ಶಿಷ್ಯ. ಮುಂದಿನ ಸೀಟಿನಿಂದ ದೇವದಾನಂ ಮೇಷ್ಟ್ರು ಇಳಿದರು. ಅದೇ ಗಂಜಿ ಅಂಗಿ, ಮೇಲೊಂದು ಕಪ್ಪು ಕೋಟು. ಹಿಂದಿನಿಂದ ಸುವಾರ್ತಮ್ಮ ಇಳಿದಳು, ಅವಳ ಹಿಂದೆ ಹಾಡುವ ಗುಂಪಿನ ಎಂಟು ಜನ. ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಪೌಡರು, ಸೆಂಟು. ಹಬ್ಬದ ದಿನ ಪ್ರಾರ್ಥನೆ ಮುಗಿಸಿ ಮನೆಮನೆಗೆ ಹೋಗಿ ಹಾಡುವುದು ಅವರ ಪದ್ಧತಿ. ಆ ದಿನ ಹಾರ್ಮೋನಿಯಂ ಸಮೇತ ಇಲ್ಲಿಗೆ ಬಂದಿದ್ದರು.

ಲಕ್ಷ್ಮೀನರಸಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಾಗಿಲಿಗೆ ಬಂದಳು. ಮಾತು ಎಲ್ಲಿ ಹೋಯಿತು ಎಂದು ಕೇಳಲು ಬಂದಿದ್ದಾರೆ, ಸಾಕ್ಷಿಗೆ ಜನರನ್ನೂ ಕರೆತಂದಿದ್ದಾರೆ. ಮೇಷ್ಟ್ರು ನೇರವಾಗಿ ಹುಳುಮನೆಯ ಬಾಗಿಲಿಗೇ ನಡೆದು ಬಂದರು, ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಗಾಳಿ ಬೀಸಿ ಅವರ ಕೋಟಿನ ಸೆಂಟು ಲಕ್ಷ್ಮೀನರಸಮ್ಮನ ಮೂಗಿಗೆ ಬಡಿಯಿತು. ಬಂದವರು ಯಾರು, ತಾನು ತಪ್ಪಿಸಿದ ಮಾತು ಯಾವುದು, ಎಲ್ಲ ಆ ಗಳಿಗೆಗೆ ಮರೆತೇ ಹೋಯಿತು.

"ಅಯ್ಯಯ್ಯೋ! ಅಲ್ಲೇ ನಿಲ್ಲಿ! ಒಂದೆಜ್ಜೆನೂ ಇಡಬೇಡಿ!" ಎಂದು ಎರಡೂ ಕೈ ಬಾಗಿಲಿಗೆ ಅಡ್ಡ ಹಿಡಿದಳು. "ಏನ್ ಬೀಗರೇ ಇದು, ಸೆಂಟ್ ಅಂಗಡಿ ಹೊತ್ಕೊಂಡ್ ಬಂದಿದೀರಾ? ನನ್ನ ಹುಳ ಎಲ್ಲಾ ಸತ್ತೇ ಹೋಗ್ತವೆ! ಹೋಗಿ, ಆ ತೊಟ್ಟಿ ಹತ್ರ ಸೋಪೈತೆ, ಕೋಟ್ ತೆಗ್ದಿಡಿ, ಕೈಕಾಲು ಮುಖ ಚೆನ್ನಾಗಿ ತೊಳ್ಕೊಂಡ್ ಬನ್ನಿ. ಕಿವಿ ಹಿಂದೆನೂ ಉಜ್ಜಿ!"

ಮುನೇಶ್ ಒಳಗೆ ನಿಂತು, ನಮ್ಮಮ್ಮ ನನ್ನ ಸಂಸಾರ ಮುಳುಗಿಸಿದಳು ಎಂದುಕೊಂಡ. ಮೇಷ್ಟ್ರು ಆಕೆಯನ್ನು ನೋಡಿದರು. ಒಳಗೆ ಹುಳುಗಳ ನಡುವೆ ಹಳೇ ಸೀರೆಯಲ್ಲಿ ನಿಂತಿದ್ದ ಮಗಳನ್ನು ನೋಡಿದರು. ಕೋಟು ಬಿಚ್ಚಿ ಮೋಹನ್‌ಬಾಬುವಿನ ಕೈಗೆ ಕೊಟ್ಟು, ತೋಳು ಮಡಚಿಕೊಂಡು ತೊಟ್ಟಿಯ ಕಡೆ ನಡೆದರು. ಆ ಕೊರೆಯುವ ನೀರಿನಲ್ಲಿ ಮುಖ ತೊಳೆದರು, ಕಿವಿಯ ಹಿಂದೆಯೂ ಉಜ್ಜಿದರು. ಸುವಾರ್ತಮ್ಮ ತಲೆಯ ಮಲ್ಲಿಗೆ ಬಿಚ್ಚಿ ಟೆಂಪೋದಲ್ಲಿಟ್ಟು, ಸೆರಗು ಸಿಕ್ಕಿಸಿಕೊಂಡು ಬಂದಳು.

"ಅಕ್ಕಾ, ಏಮಿ ಚೆಯ್ಯಾಲೋ ಚೆಪ್ಪು," ಎಂದಳು, ಏನು ಮಾಡಬೇಕು ಹೇಳು ಎಂದು.

ಹನ್ನೊಂದು ಜನ ಒಳಗೆ ಬಂದರು. ಯಾವುದು ಹಣ್ಣು, ಯಾವುದು ಕಾಯಿ ಎಂದು ಅವರಿಗೆ ಕಲಿಸಿದ್ದು ಸುಗುಣ. ಮೊದಲ ಅರ್ಧ ಗಂಟೆ ಕಿರುಚಾಟ, ನಗು. ಮೋಹನ್‌ಬಾಬು ಟೆಂಪೋ ಓಡಿಸುವ ಧೈರ್ಯಶಾಲಿ, ಹುಳು ಅಂಗೈ ಮೇಲೆ ಹರಿದ ಕೂಡಲೇ ಕಣ್ಣು ತೇಲಿಸಿದ, ಅವನಿಗೆ ಚಂದ್ರಂಕಿ ಹೊರುವ ಕೆಲಸ ಕೊಟ್ಟರು. ಮೇಷ್ಟ್ರಿಗೆ ದೃಷ್ಟಿ ಮಂದ, ಹಸಿ ಹುಳುಗಳನ್ನೇ ಆರಿಸಿ ಆರಿಸಿ ಹಾಕುತ್ತಿದ್ದರು. ಲಕ್ಷ್ಮೀನರಸಮ್ಮ ಅವರ ಕೈಯಿಂದ ಕಿತ್ತು ವಾಪಸ್ ಬಿಡುತ್ತಾ, "ಇದು ಇನ್ನೂ ಮೇಯೋದು ಬೀಗರೇ. ಬೆಳಕಿಗೆ ಹಿಡೀರಿ, ಬೆಳಕಿಗೆ! ಮಕ್ಕಳಿಗೆ ಪಾಠ ಹೆಂಗ್ ಹೇಳಿದ್ರೋ!" ಎಂದು ಗದರಿದಳು. ಮೇಷ್ಟ್ರು "ಸರಿ ಅಮ್ಮ" ಎಂದು ಬೆಳಕಿಗೆ ಹಿಡಿದರು.

ಆಮೇಲೆ ಎಲ್ಲರಿಗೂ ಕೈ ಕೂತಿತು, ಮಾತು ನಿಂತಿತು. ಅಪ್ಪ ಮಗಳು ಒಂದೇ ತಟ್ಟೆಯ ಎದುರಿಗೆ ಪಕ್ಕಪಕ್ಕ ನಿಂತಿದ್ದರು. ಮೇಷ್ಟ್ರು ಮೂಗಿನಲ್ಲೇ ರಾಗ ಹಿಡಿದರು. ಸುಗುಣ ಅತ್ತೆಯ ಕಡೆ ತಿರುಗಿ ನೋಡಿದಳು. ಹುಳುಮನೆಯಲ್ಲಿ ದನಿ ಎತ್ತಬಾರದು ಎಂಬುದೂ ಕಾನೂನೇ.

"ಮೆಲ್ಲಗ್ ಹಾಡಿ. ಹುಳ ಬೆಚ್ಚಬಾರದು," ಎಂದಳು ಲಕ್ಷ್ಮೀನರಸಮ್ಮ.

ಹಾಡಿದರು. ಚರ್ಚಿನಲ್ಲಿ ಎದೆ ತುಂಬಿ ಹಾಡುವುದನ್ನು ಇಲ್ಲಿ ಮಗುವಿಗೆ ನಿದ್ದೆ ಬರಿಸುವಂತೆ ಹಾಡಿದರು. ಹಾರ್ಮೋನಿಯಂ ಟೆಂಪೋದಲ್ಲೇ ಉಳಿಯಿತು. ಪಿಳ್ಳಪ್ಪ ಚಂದ್ರಂಕಿ ಹಿಡಿದುಕೊಂಡು ಬಾಗಿಲಲ್ಲಿ ನಿಂತೇಬಿಟ್ಟ, ಅವನನ್ನು ದಾಟಿಕೊಂಡು ಹೋಗಬೇಕಾಯಿತು. ಲಕ್ಷ್ಮೀನರಸಮ್ಮನಿಗೆ ಪದ ತಿಳಿಯುತ್ತಿತ್ತು, ಅರ್ಥ ಅಷ್ಟಕ್ಕಷ್ಟೆ. ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಕಥೆ, ಚಳಿಯ ಕಾಲ, ಬಾಣಂತಿಗೆ ಬಿಸಿನೀರೂ ಇಲ್ಲ. ಅಯ್ಯೋ ಪಾಪ ಅನ್ನಿಸಿತು. ಕಣ್ಣಲ್ಲಿ ನೀರು ಬಂತು, ಕೈಯಲ್ಲಿ ಹುಳು ಇದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಕಥೆ ಹೇಳುವಾಗ ಕಣ್ಣು ಒರೆಸಿಕೊಳ್ಳುವುದು ಇಲ್ಲೇ.

ಮೂರು ಗಂಟೆಗೆ ಕೊನೆಯ ತಟ್ಟೆ ಮುಗಿಯಿತು. ಶ್ಯಾಮಲಮ್ಮ ತನ್ನ ಮನೆಯಲ್ಲೇ, ಗಾಳಿ ಈ ಕಡೆ ಬೀಸದ ಹಾಗೆ ನೋಡಿಕೊಂಡು, ಹಿತುಕಿದ ಬೇಳೆ ಸಾರು, ಮುದ್ದೆ, ಅನ್ನ ಮಾಡಿಸಿದ್ದಳು. ಸುವಾರ್ತಮ್ಮ ಡಬ್ಬದಿಂದ ಕೇಕು, ಹೂವಿನ ಅಚ್ಚಿನಲ್ಲಿ ಎಣ್ಣೆಯಲ್ಲಿ ಕರಿದ ಗುಲಾಬಿ ಪುವ್ವುಲು ತೆಗೆದಳು. ಎಲ್ಲರೂ ಅಂಗಳದಲ್ಲಿ ಸಾಲಾಗಿ ಕೂತು ಉಂಡರು. ಮೇಷ್ಟ್ರು ಮುದ್ದೆ ಇನ್ನೊಂದು ಹಾಕಿಸಿಕೊಂಡರು. ಊಟ ಮಾಡುತ್ತಿದ್ದಷ್ಟು ಹೊತ್ತೂ ಲಕ್ಷ್ಮೀನರಸಮ್ಮನಿಗೆ ಒಂದೇ ಸಂಕಟ. ಇಷ್ಟು ಒಳ್ಳೆಯ ಜನಕ್ಕೆ ತಾನು ಮಾಡಿದ್ದನ್ನು ಹೇಳದೆ ಹೇಗೆ ಕಳಿಸುವುದು? ಹೇಳಿದರೆ ಮುಖ ಎಲ್ಲಿಡುವುದು?

ಹೊರಡುವ ಹೊತ್ತಾಯಿತು. ಬೀಗರನ್ನು ಬರಿಗೈಲಿ ಕಳಿಸುವುದುಂಟೆ? ಹಿಂದಿನ ದಿನ ಹೊಲದಿಂದ ಕಿತ್ತು ತಂದ ಅವರೆಕಾಯಿ ಮೂಲೆಯಲ್ಲಿ ರಾಶಿ ಬಿದ್ದಿತ್ತು, ಒಳ್ಳೇ ಸೊಗಡಿನ ಕಾಯಿ. ತುಂಬಿಕೊಡಲು ಗೋಣಿಚೀಲ ನೋಡಿದರೆ ಎಲ್ಲವೂ ಸೊಪ್ಪು ತುಂಬಿ ಒದ್ದೆಯಾಗಿದ್ದವು. ಟೆಂಪೋದಲ್ಲಿ ಏನಾದರೂ ಇದೆಯೇ ಎಂದು ಹತ್ತಿ ನೋಡಿದಳು. ಹಾರ್ಮೋನಿಯಂ ಪೆಟ್ಟಿಗೆಯ ಹಿಂದೆ ಒಂದು ದೊಡ್ಡ ಸೂಟ್‌ಕೇಸ್ ಇತ್ತು. ಎತ್ತಿದಳು, ಹಗುರ. ಖಾಲಿ. ಮೇಷ್ಟ್ರು ಗಾಡಿಯ ಪಕ್ಕ ನಿಂತು ಕೋಟು ಹಾಕಿಕೊಳ್ಳುತ್ತಿದ್ದರು.

"ಖಾಲಿ ಪೆಟ್ಟಿಗೆ ಯಾಕ್ ತಂದ್ರಿ ಬೀಗರೇ?" ಎಂದು ಕೇಳಿದಳು. ಕೇಳಿದ ಮೇಲೆ ಆಕೆಗೇ ಹೊಳೆಯಿತು. ಕೈಯಿಂದ ಪೆಟ್ಟಿಗೆ ಜಾರಿತು.

ಮೇಷ್ಟ್ರು ಸುತ್ತ ನೋಡಿದರು. ಹತ್ತಿರ ಯಾರೂ ಇರಲಿಲ್ಲ.

"ನಿಮಗೆ ಸುಳ್ಳು ಹೇಳಲ್ಲಮ್ಮ," ಎಂದರು. "ಅವಳ ಬಟ್ಟೆಬರೆ ತುಂಬ್ಕೊಂಡು, ಅವಳನ್ನ ಕರ್ಕೊಂಡು ಹೋಗಣ ಅಂತಲೇ ತಂದೆ. ಬೆಳಿಗ್ಗೆ ಚರ್ಚಲ್ಲಿ ಪಕ್ಕಕ್ಕೆ ತಿರುಗಿದ್ರೆ ಖಾಲಿ. ದನಿ ಹೊರಡಲಿಲ್ಲ ನನಗೆ. ಮೊದಲನೇ ವರ್ಷವೇ ಮಾತು ತಪ್ಪಿದವರ ಮನೇಲಿ ಮಗಳನ್ನ ಬಿಡಬಾರದು ಅಂತ ಹೊರಟು ಬಂದೆ. ಇವರಿಗೆ ಯಾರಿಗೂ ಗೊತ್ತಿಲ್ಲ, ನಮ್ಮನೆಯವಳಿಗೂ ಹೇಳಿಲ್ಲ."

"ಮತ್ತೆ... ಯಾಕೆ ಕೇಳ್ಲಿಲ್ಲ?"

"ಕೇಳೋಕೆ ನೀವೆಲ್ಲಿ ಬಿಟ್ರಿ? ಮುಖ ತೊಳ್ಕೊಂಡ್ ಬಾ, ಕಿವಿ ಹಿಂದೆ ಉಜ್ಜು ಅಂದ್ರಿ. ನಮ್ಮಮ್ಮ ಹೋಗಿ ನಲವತ್ತು ವರ್ಷ ಆಯ್ತು. ಆಮೇಲೆ ನನಗೆ ಹಾಗೆ ಯಾರೂ ಅಂದಿರ್ಲಿಲ್ಲ. ತೊಳ್ಕೊಂಡೆ. ಅಲ್ಲಿಂದ ಎದ್ದಾಗ ಕೋಪ ಎಲ್ಲಿ ಹೋಯ್ತೋ ಗೊತ್ತಿಲ್ಲ."

ಲಕ್ಷ್ಮೀನರಸಮ್ಮನಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಟೆಂಪೋದ ಮೇಲೇ ಕುಕ್ಕರಗಾಲಲ್ಲಿ ಕೂತು, ಕುಂಪಟಿ, ಕೆಂಡ, ಗಂಡ ತೆಗೆದ ಕಿಟಕಿ, ಮುಚ್ಚಿದ ಮೊರ, ಹಾಕಿದ ಚಿಲಕ, ಒಂದೂ ಬಿಡದೆ ಹೇಳಿದಳು. "ತಪ್ಪು ಹುಳದ್ದಲ್ಲ ಬೀಗರೇ, ನಿಮ್ ಮಗಳದ್ದೂ ಅಲ್ಲ. ನಂದೇ. ಅವಳನ್ನ ಚೆನ್ನಾಗಿ ಕಳಿಸ್ಬೇಕು ಅಂತ ಹೋಗಿ ನಾನೇ ಕೆಡಿಸ್ದೆ. ಸುಮ್ನಿದ್ದಿದ್ರೆ ಇಪ್ಪತ್ತೇಳಕ್ಕೆ ಹಣ್ಣಾಗೋದು."

"ಸುಮ್ನಿದ್ದಿದ್ರೆ ಇಪ್ಪತ್ತೇಳಾ?" ಎಂದರು ಮೇಷ್ಟ್ರು. ನಕ್ಕುಬಿಟ್ಟರು. ಆ ಮನುಷ್ಯ ನಗುವುದನ್ನು ಈ ಮನೆಯವರು ಅದುವರೆಗೆ ಕಂಡಿರಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಏನಾಯಿತೋ ಎಂದು ಎಲ್ಲರೂ ಅಂಗಳದಿಂದ ಓಡಿಬಂದರು.

ಲಕ್ಷ್ಮೀನರಸಮ್ಮ ಕಣ್ಣುಮೂಗು ಒರೆಸಿಕೊಂಡು ಕೆಳಗಿಳಿದಳು. ಸೂಟ್‌ಕೇಸನ್ನು ಅವರೆಕಾಯಿ ರಾಶಿಯ ಹತ್ತಿರ ಎಳೆದುಕೊಂಡು ಹೋಗಿ, ಬಾಯಿ ತೆರೆದು, ಎರಡೂ ಕೈಯಿಂದ ತುಂಬತೊಡಗಿದಳು. ಮುಚ್ಚಳ ಮುಚ್ಚಲಿಲ್ಲ. ಮುನೇಶನನ್ನು ಮೇಲೆ ಕೂರಿಸಿ ಕೊಂಡಿ ಹಾಕಿಸಿದಳು.

"ಅಕ್ಕಾ, ಇಷ್ಟೊಂದು ಹಿತುಕೋರ್ ಯಾರು?" ಎಂದಳು ಸುವಾರ್ತಮ್ಮ, ಗಾಬರಿಯಾಗಿ.

"ಅದಕ್ಕೇ ಆಳು ಕಳಿಸ್ತಾ ಇದೀನಿ. ಸುಗುಣಮ್ಮಾ! ಏನ್ ನೋಡ್ತಾ ನಿಂತಿದೀಯ, ಹತ್ತು ಗಾಡಿನ. ಹುಳ ಎಲ್ಲಾ ಚಂದ್ರಂಕಿ ಹತ್ತಿದ್ವು, ಇನ್ ಅವುಗಳ ಪಾಡು ಅವು ನೋಡ್ಕೊಳ್ತವೆ. ಎಂಟು ದಿನ ಈ ಕಡೆ ತಲೆ ಹಾಕ್ಬೇಡ. ನಿಮ್ಮಪ್ಪನ ಜೊತೆ ಗಂಟಲು ಬಿಚ್ಚಿ ಹಾಡು, ಅಲ್ಲಿ ಬೆಚ್ಚೋ ಹುಳ ಯಾವುದೂ ಇಲ್ಲ."

ಸುಗುಣ ಅತ್ತೆಯನ್ನು ತಬ್ಬಿಕೊಂಡಳು. ಲಕ್ಷ್ಮೀನರಸಮ್ಮ "ಸಾಕ್ ಬಿಡೇ, ಜನ ನೋಡ್ತಾರೆ" ಎಂದಳು, ಆದರೆ ಬಿಡಿಸಿಕೊಳ್ಳಲಿಲ್ಲ. ಟೆಂಪೋ ಹೊರಟಿತು. ಮೇಷ್ಟ್ರು ಮುಂದಿನ ಸೀಟು ಬಿಟ್ಟು ಹಿಂದೆ ಮಗಳ ಪಕ್ಕ ಸೂಟ್‌ಕೇಸಿನ ಮೇಲೇ ಕೂತಿದ್ದರು. ಊರು ದಾಟುವ ಮೊದಲೇ ಹಾಡು ಶುರುವಾಯಿತು, ಈ ಸಲ ಗಟ್ಟಿಯಾಗಿ.

ಆರನೇ ದಿನಕ್ಕೆ ಚಂದ್ರಂಕಿಯಿಂದ ಗೂಡು ಬಿಡಿಸಬೇಕಾಗಿತ್ತು, ಅದಕ್ಕೂ ನಾಲ್ಕಾರು ಕೈ ಬೇಕು. ಲಕ್ಷ್ಮೀನರಸಮ್ಮ ಯಾರಿಗೂ ಫೋನು ಮಾಡಿರಲಿಲ್ಲ, ಹುಡುಗಿ ಎಂಟು ದಿನ ಇದ್ದು ಬರಲಿ ಎಂದು ಗಂಡನಿಗೂ ಮಗನಿಗೂ ತಾಕೀತು ಮಾಡಿದ್ದಳು. ಆ ದಿನ ಬೆಳಿಗ್ಗೆ ಚಂದ್ರಂಕಿಗಳನ್ನು ಅಂಗಳಕ್ಕೆ ಇಳಿಸುತ್ತಿದ್ದಾಗ ಮೊದಲ ಬಸ್ಸು ಬಂದು ನಿಂತಿತು. ಸುಗುಣ ಇಳಿದಳು. ಅವಳ ಹಿಂದೆ, ಹಳೆಯ ಅಂಗಿ ತೊಟ್ಟು, ಕೆಲಸಕ್ಕೆ ಬಂದವರ ಹಾಗೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು, ದೇವದಾನಂ ಮೇಷ್ಟ್ರೂ ಇಳಿದರು.